ಉಪ್ಪಿನ ಋಣ ಮತ್ತು ವರ್ಗನೀತಿ

ಕೇಳುಗರೇ, ನಮಸ್ಕಾರ. ಗುಲಾಮಗಿರಿ ಮತ್ತು ನೀತಿಯ ಬಗ್ಗೆ ಮಾರ್ಕ್ಸ್‌ವಾದ ಹೇಳುವುದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಿಂತು ನೋಡೋಣ.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ, ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಲೆಕ್ಕಾಚಾರವಿತ್ತು. ಅಂತರ್ಯುದ್ಧದಿಂದಾಗಿ ಅಮೆರಿಕದ ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿನ ಲಂಕಾಷೈರಿನ ಗಿರಣಿಗಳಿಗೆ ಸಿಗದಂತಾಗಿತ್ತು. ಗುಲಾಮಗಿರಿಯನ್ನು ಕೆಲವು ಒಡೆಯರ ಕ್ರೌರ್ಯವೆಂದಷ್ಟೇ ಕಾಣದೆ ಆರ್ಥಿಕ ವ್ಯವಸ್ಥೆಯ ಅಂಗವಾಗಿ ಕಂಡ ಕಾರ್ಲ್ ಮಾರ್ಕ್ಸ್, ಗುಲಾಮಗಿರಿಯಿಲ್ಲದೆ ಹತ್ತಿಯಿಲ್ಲ, ಹತ್ತಿಯಿಲ್ಲದೆ ಆಧುನಿಕ ಕೈಗಾರಿಕೆಯಿಲ್ಲ ಎಂದು 1847ರಲ್ಲೇ ವಾದಿಸಿದ್ದರು.

ನೀತಿಯ ವಿಷಯದಲ್ಲಿ ಮಾರ್ಕ್ಸ್‌ರ ಒಡನಾಡಿ ಏಂಗೆಲ್ಸರ ನಿಲುವು ಇನ್ನೂ ಖಚಿತ: ಈವರೆಗಿನ ನೀತಿಯೆಲ್ಲವೂ ವರ್ಗನೀತಿಯೇ, ಅಂದರೆ ಒಂದಲ್ಲ ಒಂದು ವರ್ಗದ ಹಿತವನ್ನು ಕಾಯುವ ನೀತಿಯೇ. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬ ಮಾತನ್ನೇ ನೋಡಿ. ಸರೀಕರ ನಡುವೆ ಅದು ಸದ್ಗುಣ. ಜೀತದಾಳಿಗೆ ಬೋಧಿಸಿದಾಗ ಮಾತ್ರ, ಆ ಮನೆಯ ಉಪ್ಪು, ಅಕ್ಕಿ, ಅಡಿಕೆಯೆಲ್ಲ ಅವನ ದುಡಿಮೆಯಿಂದಲೇ ಬಂದದ್ದೆಂಬುದನ್ನು ಅದು ಮರೆಸುತ್ತದೆ. ಗೇಣಿ ಅಳೆದುಕೊಟ್ಟ ಹಾಲಕ್ಕಿ ಒಕ್ಕಲಿಗನಿಗೆ ಒಡೆಯನೇ ಋಣಿಯೆಂದು ಯಾವ ಪುರಾಣಿಕರೂ ಹೇಳಿದಂತಿಲ್ಲ.

ಆದರೆ ನೀತಿಯೆಲ್ಲ ವರ್ಗದ್ದೇ ಆದರೆ ಗುಲಾಮಗಿರಿ ತಪ್ಪೆನ್ನಲು ಆಧಾರವೇನು? ಪ್ರಾಚೀನ ಗುಲಾಮಗಿರಿ ಆ ಕಾಲಕ್ಕೆ ಮುಂದಿನ ಹೆಜ್ಜೆಯಾಗಿತ್ತೆಂದೂ ಏಂಗೆಲ್ಸ್ ಬರೆದರು. ಸೆರೆಸಿಕ್ಕವರನ್ನು ಅದಕ್ಕೂ ಮೊದಲು ಕೊಂದೇಬಿಡುತ್ತಿದ್ದರು ಎಂಬುದು ಅವರ ತರ್ಕ. ಕಾರಣ ಹೇಳುವುದು ಸಮರ್ಥನೆಯಲ್ಲ, ನಿಜ. ಆದರೂ ಇಲ್ಲಿ ಇತಿಹಾಸದ ಲೆಕ್ಕ ಬರೆಯುವವನು ದಡದ ಮೇಲೆ ನಿಂತಿದ್ದಾನೆಂದೇ ನನಗೆ ತೋರುತ್ತದೆ. ಗೋವೆಗೆ ಪೋರ್ಚುಗೀಸರು ತಂದ ಆಫ್ರಿಕನ್ ಗುಲಾಮರಲ್ಲಿ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳಗಳ ಕಾಡು ಸೇರಿದ ಸಿದ್ದಿಯರ ಪೂರ್ವಿಕರು, ಉತ್ಪಾದನಾ ಸಂಬಂಧಗಳು, ಅಂದರೆ ಒಡೆಯರು ಮತ್ತು ದುಡಿಯುವವರ ನಡುವಿನ ಆರ್ಥಿಕ ಸಂಬಂಧಗಳು, ಮಾಗಲೆಂದು ಕಾದವರಲ್ಲ. ಹತ್ತಿಯಿಲ್ಲದೆ ಕೆಲಸ ಕಳೆದುಕೊಂಡರೂ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಕೊನೆಯ ದಿನ ಸಭೆ ಸೇರಿ, ಗುಲಾಮಗಿರಿಯನ್ನು ವಿರೋಧಿಸಿದ ಅಮೆರಿಕದ ಅಧ್ಯಕ್ಷ ಲಿಂಕನ್ನರಿಗೆ ಬೆಂಬಲ ಸೂಚಿಸಿದರು. ಅದನ್ನು ಹೊಟ್ಟೆಪಾಡಿನ ಲೆಕ್ಕದಿಂದ ವಿವರಿಸಲಾಗದು. ಕರಿಯ ಚರ್ಮದ ದುಡಿಮೆಗೆ ಬರೆ ಎಳೆದಿರುವಲ್ಲಿ ಬಿಳಿಯ ಚರ್ಮದ ದುಡಿಮೆಯೂ ಬಿಡುಗಡೆಯಾಗಲಾರದೆಂದು 1867ರ 'ಬಂಡವಾಳ'ದಲ್ಲಿ ಮಾರ್ಕ್ಸ್ ಬರೆದಾಗ, ನೀತಿಯ ಮಾತನ್ನು ಅವರು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡಿದ್ದಾರೆ. ನನ್ನ ಮಟ್ಟಿಗೆ ಅದು ಸ್ವಾಗತಾರ್ಹವೇ.

ಇನ್ನು ನಮ್ಮ ಜಿಲ್ಲೆಯ ರೈತ ಚಳವಳಿ. ಅದನ್ನು ಕಟ್ಟಿದ ಅಂಕೋಲೆಯ ದಿನಕರ ದೇಸಾಯಿಯವರು ಮಾರ್ಕ್ಸ್‌ವಾದಿಯಲ್ಲ, ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜದವರು. ಆದರೆ ಗೇಣಿ ಧರ್ಮವಲ್ಲ, ಒಡೆತನದ ಫಲವೆಂಬುದು ಅವರಿಗೂ ತಿಳಿದಿತ್ತು. 1974ರ ಭೂಸುಧಾರಣೆಯಿಂದ ಗೇಣಿದಾರ ಭೂಮಿಯ ಒಡೆಯನಾದ. ಅದೇ ಗದ್ದೆ, ಅದೇ ತೋಟದಲ್ಲಿ ಜೀತಕ್ಕೋ ಕೂಲಿಗೋ ದುಡಿದವನು ಗೇಣಿದಾರನಾಗಿರಲಿಲ್ಲವಾದ್ದರಿಂದ, ಸಾಗುವಳಿಯ ಹಕ್ಕು ಅವನವರೆಗೆ ಬರಲಿಲ್ಲ.