ಆರು ಗುಂಡಿನ ರಿವಾಲ್ವರ್, ಒಂಬತ್ತು ಏಟು

ನಮಸ್ಕಾರ. ಮೊನ್ನೆ ರಾತ್ರಿ ರೊಟ್ಟಿ ತಿನ್ನುತ್ತಾ ಒಂದು ಪೊಲೀಸ್ ಧಾರಾವಾಹಿ ನೋಡುತ್ತಿದ್ದೆ. ಹೆಸರು ಬೇಡ, ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಇವೆ. ಹೀರೋ ಇನ್‌ಸ್ಪೆಕ್ಟರ್ ಗೋದಾಮಿಗೆ ನುಗ್ಗಿದ. ಕೈಯಲ್ಲಿ ರಿವಾಲ್ವರ್. ನಾನು ಸುಮ್ನೆ ಎಣಿಸುತ್ತಾ ಕೂತೆ. ಆರು ಗುಂಡು ಹಿಡಿಸುವ ರಿವಾಲ್ವರ್‌ನಿಂದ ಒಂಬತ್ತು ಏಟು ಹಾರಿದವು. ನಡುವೆ ಗುಂಡು ತುಂಬಿದ್ದು ಯಾರೂ ನೋಡಲಿಲ್ಲ. ಅಷ್ಟರಲ್ಲಿ ಜಾಹೀರಾತು ಬಂತು, ಇಲ್ಲದಿದ್ದರೆ ಡಜನ್ ಮುಗಿಸುತ್ತಿದ್ದನೋ ಏನೋ.

"ಧಾರಾವಾಹಿ ಅಲ್ವಾ, ಬಿಡ್ರಿ" ಅಂತೀರಿ. ನಾಗಿಣಿ ಸೇಡು ತೀರಿಸಿಕೊಳ್ಳುವ ಕಥೆ ಆಗಿದ್ದರೆ ಬಿಡುತ್ತಿದ್ದೆ. ಆದರೆ ಇವರು ಶುರುವಿನಲ್ಲೇ 'ನೈಜ ಘಟನೆ ಆಧಾರಿತ' ಅಂತ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಠಾಣೆಯ ಬೋರ್ಡು, ಟೇಬಲ್ ಮೇಲಿನ ಟೋಪಿ, ಹೆಗಲ ಮೇಲಿನ ಸ್ಟಾರು, ಎಲ್ಲ ಸರಿಯಾಗಿರುತ್ತವೆ. ಗನ್ ಕೈಗೆ ಬಂದ ಕೂಡಲೇ ಮಾತ್ರ ನಿಯಮಗಳೆಲ್ಲ ರಜೆ ಹಾಕಿ ಹೋಗುತ್ತವೆ.

ಸಣ್ಣಪುಟ್ಟ ತಕರಾರು ಮೊದಲು ಮುಗಿಸಿಬಿಡೋಣ. ಗ್ಲಾಕ್ ಪಿಸ್ತೂಲಿನ ಹಿಂಬದಿಯಲ್ಲಿ ಹೆಬ್ಬೆರಳಿನಿಂದ ಎಳೆಯುವ ಹ್ಯಾಮರ್ ಇಲ್ಲವೇ ಇಲ್ಲ. ಆದರೂ ವಿಲನ್ ಹಣೆಗೆ ಇಟ್ಟ ಕ್ಷಣ 'ಕ್ಲಿಕ್' ಅಂತ ಹ್ಯಾಮರ್ ಎಳೆದ ಸದ್ದು. ಇನ್ನು ಹೆದರಿಸಬೇಕು ಅನಿಸಿದಾಗಲೆಲ್ಲ ಪಿಸ್ತೂಲಿನ ಮೇಲ್ಭಾಗವನ್ನು 'ಖಟಕ್' ಅಂತ ಹಿಂದಕ್ಕೆ ಎಳೆಯುತ್ತಾರೆ. ಒಳಗೆ ಗುಂಡು ಕೂತಿದ್ದರೆ ಎಳೆದಾಗ ಅದು ಆಚೆ ಬಂದು ಬೀಳಬೇಕು. ಬೀಳಲ್ಲ. ಅಂದರೆ ಎರಡು ನಿಮಿಷ ಡೈಲಾಗ್ ಹೊಡೆದವನು ಗುಂಡೇ ಏರಿಸದ ಪಿಸ್ತೂಲ್ ಹಿಡಿದಿದ್ದ. ರಿವಾಲ್ವರ್‌ಗೆ ಸೈಲೆನ್ಸರ್ ಹಾಕುವುದಂತೂ ಕೇಳಲೇಬೇಡಿ. ಗುಂಡಿನ ಉರುಳೆಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದೆ, ಸದ್ದು ಅಲ್ಲಿಂದಲೇ ಸೋರುತ್ತದೆ. ಮಫ್ತಿಯಲ್ಲಿ ಬರುವ ಅಧಿಕಾರಿಯ ಲೆದರ್ ಜಾಕೆಟ್ ಬಗ್ಗೆ ನಾನು ಮಾತಾಡಲ್ಲ. ಏಪ್ರಿಲ್‌ನಲ್ಲಿ ಬಳ್ಳಾರಿಗೆ ಹಾಕಿಕೊಂಡು ಬರಲಿ, ಸಾಕು.

ಸದ್ದಿನ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಸ್ತೂಲಿನ ಒಂದು ಏಟು ಸುಮಾರು 160 ಡೆಸಿಬಲ್. 140 ದಾಟಿದ ಸದ್ದು ಒಂದೇ ಸಲ ಬಿದ್ದರೂ ಕಿವಿಗೆ ಪೆಟ್ಟು. ನಮ್ಮ ಹೀರೋ ಮುಚ್ಚಿದ ಕಾರಿನೊಳಗೆ ನಾಲ್ಕು ಏಟು ಹೊಡೆದು, ಮರುಕ್ಷಣ ಪಕ್ಕದ ಸೀಟಿನವಳ ಹತ್ತಿರ ಪಿಸುಗುಟ್ಟುತ್ತಾನೆ. ಅವಳಿಗೆ ಅದು ಕೇಳಿಸುತ್ತದೆ ಕೂಡ!

ಪ್ರತಿ ವರ್ಷ ಅಕ್ಟೋಬರ್ 21ಕ್ಕೆ ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ದಾಳಿಗೆ ಸಿಆರ್‌ಪಿಎಫ್‌ನ 10 ಜವಾನರು ಪ್ರಾಣ ಬಿಟ್ಟರು. ಅವರ ನೆನಪಿಗೆ ಜಿಲ್ಲೆ ಜಿಲ್ಲೆಯಲ್ಲೂ ಕಾರ್ಯಕ್ರಮ ಇರುತ್ತದೆ. ಬಳ್ಳಾರಿಯ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆ) ಮೈದಾನದಲ್ಲಿ ಒಮ್ಮೆ ನಾನೂ ನಿಂತಿದ್ದೆ. ರೈಫಲ್ ಎತ್ತಿ ಆಕಾಶಕ್ಕೆ ಮೂರು ಸುತ್ತು. ಅದೂ ಬರೀ ಮದ್ದಿನ ತೋಟಾ, ಒಳಗೆ ಗುಂಡು ಇಲ್ಲ. ಸುತ್ತ ಬಯಲು. ಆದರೂ ಮೊದಲ ಸುತ್ತಿಗೇ ನನ್ನ ಮುಂದಿದ್ದ ಮಗು ಅಮ್ಮನ ಸೆರಗಿನೊಳಗೆ ಹೊಕ್ಕಿತು. ನನಗೂ ಎದೆಗೆ ಗುದ್ದಿದ ಹಾಗಾಯಿತು, ಗೊತ್ತಿದ್ದೂ.

ನನಗೆ ಜಾಸ್ತಿ ಹಿಡಿಸಿದ್ದು ಆಮೇಲಿನದು. ಬಿಗುಲ್ ಮುಗಿಯಿತು, ಸಾಹೇಬರು ಜೀಪು ಹತ್ತಿದರು, ಜನ ಚದುರಿದರು. ಇಬ್ಬರು ಪೇದೆಗಳು ಮಾತ್ರ ನೆಲ ನೋಡುತ್ತಾ ಓಡಾಡುತ್ತಿದ್ದರು. ಹಿತ್ತಾಳೆಯ ಖಾಲಿ ತೋಟಾಗಳನ್ನು ಹೆಕ್ಕಿ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟರು. ಎಣಿಸಿದರು. ಒಂದು ಕಡಿಮೆ. ಮತ್ತೆ ಬಗ್ಗಿ ಬೂಟಿನ ತುದಿಯಿಂದ ಹುಲ್ಲು ಸರಿಸುತ್ತಾ ಹುಡುಕಿದರು. ಸಿಕ್ಕಿತು. ಗಂಟು ಕಟ್ಟಿದರು. ಹಾರಿದ್ದು ಬರೀ ಸದ್ದು, ಅದಕ್ಕೂ ಲೆಕ್ಕ!

ನಮ್ಮ ಓಣಿಯಲ್ಲಿ ಡಿಎಆರ್‌ನಿಂದ ನಿವೃತ್ತರಾದ ಎಆರ್‌ಎಸ್‌ಐ (ಸಹಾಯಕ ರಿಸರ್ವ್ ಸಬ್ ಇನ್‌ಸ್ಪೆಕ್ಟರ್) ಒಬ್ಬರಿದ್ದಾರೆ. ಇದನ್ನೇ ಅವರ ಹತ್ತಿರ ಎತ್ತಿದೆ. ನಕ್ಕರು. "ಅಪ್ಪಾ, ಗುಂಡು ಹಾರಿಸೋಕೆ ಎಷ್ಟೊತ್ತು ಬೇಕು? ಆಮೇಲೆ ಬರೀಬೇಕಲ್ಲ, ಅದು ಕಷ್ಟ" ಅಂದರು. ಗನ್ ತೆಗೆದುಕೊಂಡು ಹೋಗುವಾಗ ರಿಜಿಸ್ಟರ್‌ನಲ್ಲಿ ನಂಬರ್ ಸಮೇತ ಸಹಿ. ಎಷ್ಟು ತೋಟಾ ಒಯ್ದೆ, ಎಷ್ಟು ತಂದೆ, ಕಡಿಮೆ ಆಗಿದ್ದರೆ ಯಾಕೆ, ಖಾಲಿ ತೋಟಾ ಎಲ್ಲಿ. ರಿವಾಲ್ವರ್‌ಗೆ ಕಟ್ಟುವ ಲ್ಯಾನ್ಯಾರ್ಡ್ ಹಗ್ಗ ಇರುತ್ತದಲ್ಲ, ಓಡಾಟದಲ್ಲಿ ಗನ್ ಕೈಜಾರಿದರೂ ಕಳೆಯಬಾರದು ಅಂತ ಅದು. ಟಿವಿ ಇನ್‌ಸ್ಪೆಕ್ಟರ್ ಮಾತ್ರ ಪಿಸ್ತೂಲನ್ನು ಪ್ಯಾಂಟಿನ ಹಿಂದೆ ಸಿಕ್ಕಿಸಿಕೊಂಡು ಬುಲೆಟ್ ಬೈಕ್ ಓಡಿಸುತ್ತಾನೆ.

ಇನ್ನೊಂದು ವಿಷಯ. ನಮ್ಮ ಕಡೆ ಜನ ಗನ್ ನೋಡುವುದೇ ಎಷ್ಟು ಸಲ? ಬ್ಯಾಂಕಿನ ಬಾಗಿಲಲ್ಲಿ ಕೂತ ನಿವೃತ್ತ ಯೋಧನ ಹತ್ತಿರ ಜೋಡಿ ನಳಿಗೆ ಬಂದೂಕು. ಚುನಾವಣೆ ಬಂದರೆ ಪಥಸಂಚಲನಕ್ಕೆ ಬರುವ ಕೇಂದ್ರದ ಪಡೆಯವರ ಹೆಗಲಲ್ಲಿ ಇನ್ಸಾಸ್ ರೈಫಲ್. ಅದೇ ಹೊತ್ತಿಗೆ ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರೂ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯುವುದುಂಟು. ಅಷ್ಟೇ. ಠಾಣೆಯ ಕಾನ್‌ಸ್ಟೆಬಲ್ ಕೈಯಲ್ಲಿ ಇರುವುದು ಲಾಠಿ. ಸಿಂಧನೂರು ಕಡೆಯ ಪಿಎಸ್‌ಐ ಒಬ್ಬರ ದಿನ ಹೇಗಿರುತ್ತದೆ ಅಂದುಕೊಂಡಿರಿ? ಮಟ್ಕಾ ಕೇಸು, ಮರಳು ಟಿಪ್ಪರ್, ಕಾಲುವೆಯ ಕೊನೆ ಭಾಗಕ್ಕೆ ನೀರು ಬರಲಿಲ್ಲ ಅಂತ ರಸ್ತೆ ತಡೆ, ಬೈಕ್ ಅಪಘಾತ. ಸೊಂಟದಲ್ಲಿ ಪಿಸ್ತೂಲ್ ಇದ್ದರೂ ತೆಗೆಯುವ ಪ್ರಸಂಗ ಬರುವುದು ತೀರಾ ಅಪರೂಪ. ಅಂದರೆ ನಮ್ಮ ತಲೆಯಲ್ಲಿರುವ 'ಪೊಲೀಸ್ ಗುಂಡು' ಪೂರ್ತಿಯಾಗಿ ಟಿವಿಯಿಂದ, ಸಿನಿಮಾದಿಂದ ಬಂದದ್ದು. ನನ್ನ ಸಿಟ್ಟು ಇರುವುದು ಇಲ್ಲೇ.

ಯಾಕೆ ಅಂತ ಕೇಳಿ. ಪೇಪರ್ ತೆಗೆದರೆ ಆಗಾಗ ಕಾಣುವ ತಲೆಬರಹ: 'ಆರೋಪಿ ಕಾಲಿಗೆ ಗುಂಡು'. ಕೆಳಗಿನ ಸಾಲುಗಳು ನಿಮಗೂ ಬಾಯಿಪಾಠ. ಸ್ಥಳ ಮಹಜರಿಗೆ ಕರೆದೊಯ್ದಾಗ ಪೊಲೀಸರ ಮೇಲೆ ಹಲ್ಲೆ ಮಾಡಿ ಪರಾರಿಯಾಗಲು ಯತ್ನ, ಗಾಳಿಯಲ್ಲಿ ಗುಂಡು, ಆದರೂ ಶರಣಾಗಲಿಲ್ಲ, ಆತ್ಮರಕ್ಷಣೆಗೆ ಕಾಲಿಗೆ ಗುಂಡು. ಆ ಸುದ್ದಿಯ ಬಗ್ಗೆ ಚಹಾ ಅಂಗಡಿಯಲ್ಲಿ ಮಾತು ಕೇಳಿದ್ದೀರಾ? "ಕಾಲಿಗ್ಯಾಕೆ, ಎದೆಗೆ ಹೊಡೀಬೇಕಿತ್ತು." ಇದು ಧಾರಾವಾಹಿಯ ಡೈಲಾಗ್. ಆ ಸುದ್ದಿಯಲ್ಲಿ ಪೊಲೀಸರು ಹೇಳಿದ್ದು ನಿಜವೋ ಅಲ್ಲವೋ ಅಂತ ನಾನು ಇಲ್ಲಿ ಕೂತು ತೀರ್ಪು ಕೊಡಲ್ಲ. ತೀರ್ಪಿಗೆ ದಾರಿ ಬೇರೆಯೇ ಇದೆ. ಆ ದಾರಿ ಇದೆ ಅನ್ನುವುದನ್ನೇ ಟಿವಿ ನಮ್ಮಿಂದ ಮುಚ್ಚಿಟ್ಟಿದೆ.

2014ರಲ್ಲಿ ಸುಪ್ರೀಂ ಕೋರ್ಟ್, ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ, ಎನ್‌ಕೌಂಟರ್ ಬಗ್ಗೆ 16 ಅಂಶಗಳ ನಿರ್ದೇಶನ ಕೊಟ್ಟಿತು. ಪೊಲೀಸ್ ಗುಂಡಿಗೆ ಯಾರಾದರೂ ಸತ್ತರೆ ಎಫ್‌ಐಆರ್ ಆಗಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು, ಗುಂಡು ಹಾರಿಸಿದವರ ಠಾಣೆಯಲ್ಲ. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಹಾರಿಸಿದ ಅಧಿಕಾರಿ ತನ್ನ ಗನ್ ಅನ್ನು ಪರೀಕ್ಷೆಗೆ ಒಪ್ಪಿಸಬೇಕು. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಕೊಡುವಂತಿಲ್ಲ. ತೀವ್ರವಾಗಿ ಗಾಯವಾದ ಪ್ರಕರಣಗಳಲ್ಲೂ ಸಾಧ್ಯವಾದಷ್ಟು ಇದನ್ನೇ ಪಾಲಿಸಬೇಕು ಅಂತ ಕೋರ್ಟ್ ಹೇಳಿದೆ. ಅಂದರೆ ಕಾಲಿಗೆ ಬಿದ್ದ ಗುಂಡು ಕೂಡ ಇದರೊಳಗೆ ಬರಬಹುದು.

ಈಗ ನಮ್ಮ ಹೀರೋ ಕಡೆ ನೋಡಿ. ಗೋದಾಮಿನಲ್ಲಿ ಮೂರು ಹೆಣ ಬಿದ್ದಿವೆ. ಆತ ಕನ್ನಡಕ ಹಾಕಿಕೊಂಡು ಹೊರಗೆ ನಡೆಯುತ್ತಾನೆ. ಮುಂದಿನ ದೃಶ್ಯದಲ್ಲಿ ಎಸ್‌ಪಿ ಸಾಹೇಬರು ಬೆನ್ನು ತಟ್ಟುತ್ತಾರೆ. ಸತ್ತವರಲ್ಲಿ ಒಬ್ಬ ಬರೀ ಕಳ್ಳಮಾಲು ಕಾಯುತ್ತಿದ್ದ ಹುಡುಗ. ಬಂಧಿಸುವಾಗ ಬಲ ಬಳಸಲು ಕಾನೂನು ಬಿಡುತ್ತದೆ, ಸರಿ. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಆರೋಪ ಇಲ್ಲದವನ ಪ್ರಾಣ ತೆಗೆಯುವ ಹಕ್ಕನ್ನು ಅದೇ ಸೆಕ್ಷನ್ ಕೊಡುವುದಿಲ್ಲ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು ಸೆಕ್ಷನ್ 46, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 43. ಧಾರಾವಾಹಿ ಬರೆಯುವವರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬಲ್ಲ. ಕೋರ್ಟ್ ದೃಶ್ಯ ಬಂದಾಗ ಸೆಕ್ಷನ್ ನಂಬರ್‌ಗಳನ್ನು ಪಟಪಟ ಉದುರಿಸುತ್ತಾರಲ್ಲ.

ಕಾಲಿನ ವಿಷಯವೂ ಅಷ್ಟೇ. ಟಿವಿಯಲ್ಲಿ ಕಾಲಿಗೆ ಗುಂಡು ಬಿದ್ದರೆ ಆತ ಕುಂಟುತ್ತಾನೆ, ಮುಂದಿನ ವಾರ ಒಂದು ಬ್ಯಾಂಡೇಜು. ತೊಡೆಯಲ್ಲಿ ಒಂದು ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಗುಂಡು ಅದನ್ನು ಹರಿದರೆ ಕೆಲವೇ ನಿಮಿಷಗಳಲ್ಲಿ ರಕ್ತ ಸೋರಿ ಜೀವ ಹೋಗಬಹುದು. ಸಂಡೂರಿನ ಗುಡ್ಡದಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಎಷ್ಟು ಹೊತ್ತಾಗುತ್ತದೆ, ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡವರನ್ನು ಕೇಳಿ.

ಒಂದು ಮಾತು ಸ್ಪಷ್ಟವಾಗಿರಲಿ. ಸೆಟ್ಟಿನಲ್ಲಿ ಅಸಲಿ ಗನ್ ತನ್ನಿ ಅಂತ ನಾನು ಹೇಳುತ್ತಿಲ್ಲ, ಬೇಡವೇ ಬೇಡ. 1984ರಲ್ಲಿ ಅಮೆರಿಕದ ಟಿವಿ ನಟ ಜಾನ್ ಎರಿಕ್ ಹೆಕ್ಸಮ್ ಶೂಟಿಂಗ್ ನಡುವೆ ತಮಾಷೆಗೆ ಗನ್ ತಲೆಗೆ ಇಟ್ಟು ಟ್ರಿಗರ್ ಒತ್ತಿದ. ಒಳಗೆ ಇದ್ದದ್ದು ಬರೀ ಮದ್ದಿನ ತೋಟಾ. ಅಷ್ಟು ಹತ್ತಿರದಿಂದ ಆ ಹೊಡೆತವೇ ಸಾಕಾಯಿತು, ಆತ ಉಳಿಯಲಿಲ್ಲ. 2021ರ ಅಕ್ಟೋಬರ್‌ನಲ್ಲಿ ನ್ಯೂ ಮೆಕ್ಸಿಕೋದ ಒಂದು ಸಿನಿಮಾ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ಅಸಲಿ ಗುಂಡು ಇಲ್ಲ ಅಂದುಕೊಂಡ ರಿವಾಲ್ವರ್‌ನಲ್ಲಿ ಅದೇ ಇತ್ತು. ಅದಾದ ಕೂಡಲೇ ಅಲ್ಲಿನ ಒಂದು ಪೊಲೀಸ್ ಧಾರಾವಾಹಿ ಸೆಟ್ಟಿನಿಂದ ಅಸಲಿ ಗನ್ ಪೂರ್ತಿ ತೆಗೆದುಹಾಕಿತು. ಪ್ಲಾಸ್ಟಿಕ್ ಗುಂಡಿನ ಏರ್‌ಸಾಫ್ಟ್ ಗನ್ ಹಿಡಿದು ನಟಿಸಿ, ಬೆಂಕಿಯ ಮಿಂಚನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸೇರಿಸುತ್ತಾರೆ. ಒಳ್ಳೇದೇ. ನಮ್ಮವರೂ ಆಟಿಕೆ ಗನ್ನೇ ಹಿಡಿಯಲಿ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಬಲೂನು ಹೊಡೆಸುವವನ ಕೈಯಲ್ಲೂ ಏರ್ ಗನ್ನೇ ಇರುತ್ತದೆ, ಆದರೆ ಆತ ದುಡ್ಡಿಗೆ ತಕ್ಕಷ್ಟು ಗುಂಡು ಎಣಿಸಿಯೇ ಕೊಡುತ್ತಾನಲ್ಲ?

ಲೆಕ್ಕ ಬರೆಯುವುದನ್ನು ತೋರಿಸಿದರೆ ಯಾರು ನೋಡುತ್ತಾರೆ ಅಂತ ನನ್ನ ಗೆಳೆಯನ ವಾದ. ನಾನಂತೂ ನೋಡುತ್ತೇನೆ. ಯೋಚನೆ ಮಾಡಿ. ಇನ್‌ಸ್ಪೆಕ್ಟರ್ ಒಂದೇ ಒಂದು ಗುಂಡು ಹಾರಿಸುತ್ತಾನೆ, ಎಪಿಸೋಡಿನ ಮೊದಲ ಐದು ನಿಮಿಷದಲ್ಲಿ. ಗನ್ ಲಕೋಟೆಗೆ ಹೋಗಿ ಅರಗಿನ ಮುದ್ರೆ ಬೀಳುತ್ತದೆ. ಸೊಂಟದ ಕವಚ ಖಾಲಿ. ಬೇರೆ ಠಾಣೆಯಿಂದ ಬಂದ ಅಧಿಕಾರಿ, ನಿನ್ನೆವರೆಗೂ ಜೊತೆಗೆ ಚಹಾ ಕುಡಿದವರು, ಈಗ 'ನೀವು' ಅಂತ ಕರೆದು ಎದುರಿಗೆ ಕೂರಿಸುತ್ತಾರೆ. "ಅವನು ನಿಮ್ಮಿಂದ ಎಷ್ಟು ದೂರದಲ್ಲಿದ್ದ? ಬೆಳಕು ಎಲ್ಲಿಂದ ಬರುತ್ತಿತ್ತು? ಕೈಯಲ್ಲಿ ಮಚ್ಚು ಇತ್ತು ಅಂದಿರಿ, ಯಾವ ಕೈ?" ಹೊರಗೆ ಬೆಂಚಿನ ಮೇಲೆ ಗುಂಡು ತಗುಲಿದವನ ತಾಯಿ ಕೂತಿದ್ದಾಳೆ, ಪಕ್ಕದಲ್ಲೇ ಇನ್‌ಸ್ಪೆಕ್ಟರ್ ಹೆಂಡತಿ. ಲ್ಯಾಬಿನಲ್ಲಿ ಗುಂಡಿನ ಮೇಲಿನ ಗೀರುಗಳನ್ನು ನಳಿಗೆಗೆ ತಾಳೆ ನೋಡುತ್ತಿದ್ದಾರೆ. ಇದಕ್ಕಿಂತ ಒಳ್ಳೇ ಕಥೆ ಬೇಕಾ? ಗೋದಾಮು ಬಾಡಿಗೆಗೆ ಹಿಡಿಯುವ ಖರ್ಚೂ ಉಳಿಯುತ್ತದೆ.

ಬರೆಯುವವರು ಯಾರಾದರೂ ಕೇಳುತ್ತಿದ್ದರೆ ತೆಗೆದುಕೊಳ್ಳಿ, ಕ್ರೆಡಿಟ್ ಬೇಡ. ಆ ತಾಯಿಯ ಪಾತ್ರಕ್ಕೆ ಮಾತ್ರ ನಮ್ಮ ಕಡೆಯ ರಂಗಭೂಮಿ ಕಲಾವಿದರನ್ನೇ ಹಾಕಿ. ಬಳ್ಳಾರಿ ಕನ್ನಡವನ್ನು ಬೆಂಗಳೂರಿನಲ್ಲಿ ಕೂತು ಮಾತಾಡಿಸಬೇಡಿ, ಅದು ಇನ್ನೊಂದು ಎಪಿಸೋಡಿನ ಜಗಳ.