ಮನೆ ಕೆಳಗಿನ ಮಣ್ಣಿಗೆ ಹಾಳೆ ಯಾಕೆ? ಕಿಂಡಿಯಲ್ಲಿ ಗಾಳಿ ಆಡಿದರೆ ಸಾಲದಾ?

[ದೃಶ್ಯ: ಕತ್ತಲು. ಟಾರ್ಚ್ ಬೆಳಕಿನಲ್ಲಿ ಮರದ ಜಂತೆ. ಅದರ ಮೇಲೆ ಬಿಳಿ ಬೂಷ್ಟು.]

ನಮಸ್ಕಾರ. ನನ್ನ ತಲೆಯ ಮೇಲೆ ಕಾಣುತ್ತಿರುವುದು ನಮ್ಮ ಅಡುಗೆಮನೆಯ ನೆಲ. ಅಂದರೆ ನಾನೀಗ ಮನೆಯ ಅಡಿಯಲ್ಲಿದ್ದೇನೆ. ಇಲ್ಲಿ ನಿಂತುಕೊಳ್ಳೋಕೆ ಆಗುವುದಿಲ್ಲ. ಮೂರಡಿ ಎತ್ತರ ಅಷ್ಟೇ, ತೆವಳಿಕೊಂಡೇ ಬರಬೇಕು. ಅದಕ್ಕೇ ಇದಕ್ಕೆ ಕ್ರಾಲ್ ಸ್ಪೇಸ್ ಅಂತ ಹೆಸರು. ಈಗ ನೋಡಿದ ಬೂಷ್ಟು ಎರಡು ವರ್ಷದ ಹಿಂದೆ ತೆಗೆದ ವಿಡಿಯೋ. ಈಗ ಹೇಗಿದೆ ಅಂತ ಆಮೇಲೆ ತೋರಿಸುತ್ತೇನೆ.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ. ರಾಲಿ, ಕ್ಯಾರಿ ಸುತ್ತಮುತ್ತ ಮನೆ ತಗೊಂಡ ಕನ್ನಡದವರು ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ದಾರೆ. ಊರಿಂದ ಬಂದಿದ್ದ ಅಮ್ಮ ಕೂಡ ಅದನ್ನೇ ಕೇಳಿದರು. "ಸುತ್ತಲೂ ಇಷ್ಟೊಂದು ಕಿಂಡಿ ಬಿಟ್ಟಿದ್ದಾರೆ, ಗಾಳಿ ಚೆನ್ನಾಗಿ ಆಡ್ತಾ ಇದೆ. ಆದ್ರೂ ಮುಗ್ಗಲು ವಾಸನೆ ಯಾಕೋ ಬರುತ್ತೆ?"

ಮೊದಲು ಎರಡೇ ಮಾತಿನಲ್ಲಿ ಹಿನ್ನೆಲೆ. ಇಲ್ಲಿನ ಮನೆಗಳಿಗೆ ತಳಪಾಯ ಮೂರು ತರ. ನೆಲಕ್ಕೇ ಕಾಂಕ್ರೀಟ್ ಹಾಕಿದ್ದು, ಬೇಸ್‌ಮೆಂಟ್ ಅಂದರೆ ನೆಲದಡಿ ಕೋಣೆ ಇರುವುದು, ಮತ್ತೆ ಈ ಕ್ರಾಲ್ ಸ್ಪೇಸ್. ಇದರಲ್ಲಿ ಇಡೀ ಮನೆ ಮರದ ಜಂತೆಗಳ ಮೇಲೆ ಕೂತಿರುತ್ತದೆ, ಕೆಳಗೆ ಬರೀ ಮಣ್ಣು, ಸುತ್ತಲಿನ ತಳಪಾಯದ ಗೋಡೆಯಲ್ಲಿ ಗಾಳಿಗೆ ಅಂತ ಕಿಂಡಿ. ಮಣ್ಣು ಮೇಲೆ ಒಣಗಿದ ಹಾಗೆ ಕಂಡರೂ ಒಳಗಿನ ತೇವ ಆವಿಯಾಗಿ ಏಳುತ್ತಲೇ ಇರುತ್ತದೆ. ಅದು ನೇರವಾಗಿ ಮರಕ್ಕೆ ಹೋಗುತ್ತದೆ. ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಆ ಆವಿ ಅಲ್ಲೇ ನಿಲ್ಲುತ್ತದೆ. ವೇಪರ್ ಬ್ಯಾರಿಯರ್ ಅಂದರೆ ಇಷ್ಟೇ.

[ದೃಶ್ಯ: ಹಾಳೆಯ ಅಂಚನ್ನು ಎತ್ತಿ ತಿರುಗಿಸುವುದು.]

ಇದನ್ನು ಹತ್ತಿರದಿಂದ ನೋಡಿ. ಹಾಳೆಯ ಮೇಲ್ಭಾಗ ಪೂರ್ತಿ ಒಣ. ತಿರುಗಿಸಿದರೆ ಕೆಳಭಾಗದಲ್ಲಿ ಸಾಲುಸಾಲು ನೀರಿನ ಹನಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗಿದೆ, ಅಲ್ವಾ? ಹಾಳೆ ಇಲ್ಲದಿದ್ದರೆ ಈ ನೀರೆಲ್ಲ ಅಡುಗೆಮನೆಯ ನೆಲದ ಮರಕ್ಕೆ ಸೇರುತ್ತಿತ್ತು.

ಸರಿ, ಮಣ್ಣಿನ ನೀರಿಗೆ ಹಾಳೆ. ಹಾಗಾದರೆ ಕಿಂಡಿ ಯಾಕೆ? ಗಾಳಿ ಆಡಿ ಒಣಗಲಿ ಅಂತ ತಾನೇ? ಇಲ್ಲೇ ನನಗೆ ಬಹಳ ಇಷ್ಟವಾದ ವಿಷಯ ಇರುವುದು. ಸ್ವಲ್ಪ ಹೊತ್ತು ಇದರಲ್ಲೇ ಇರೋಣ.

ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜಿಮನೆ. ರೆಡ್ ಆಕ್ಸೈಡ್ ನೆಲ. ನಾಲ್ಕು ದಿನ ಒಂದೇ ಸಮ ಮಳೆ ಹೊಡೆದು, ಐದನೇ ದಿನ ಬಿಸಿಲು ಕಂಡಿತು ಅಂದುಕೊಳ್ಳಿ. ಸೆಖೆ ಶುರು. ಆಗ ನಡುಮನೆಯ ನೆಲ ಒದ್ದೆಯಾಗುತ್ತಿತ್ತು. ಸೂರು ಸೋರಿಲ್ಲ, ಯಾರೂ ನೀರು ಚೆಲ್ಲಿಲ್ಲ. ಕಾಲಿಟ್ಟರೆ ಹೆಜ್ಜೆ ಗುರುತು ಮೂಡುತ್ತಿತ್ತು. "ನೆಲ ಬೆವರ್ತಾ ಇದೆ, ಬಾಗಿಲು ಹಾಕ್ಕೊಂಡು ಬಾರೋ" ಅಂತ ಅಜ್ಜಿ ಕೂಗುತ್ತಿದ್ದರು. ಒದ್ದೆ ನೆಲ ಒಣಗಬೇಕಾದರೆ ಬಾಗಿಲು ತೆಗೆಯಬೇಕು, ಇವರು ಯಾಕೆ ಹಾಕು ಅನ್ನುತ್ತಾರೆ ಅಂತ ಆಗ ನನಗೆ ಅರ್ಥವೇ ಆಗಿರಲಿಲ್ಲ.

ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ಆ ನೀರು ನೆಲದಿಂದ ಬಂದದ್ದಲ್ಲ, ಬಾಗಿಲಿನಿಂದ ಬಂದದ್ದು. ಹೊರಗಿನ ಬಿಸಿ ಗಾಳಿಯ ತುಂಬಾ ಆವಿ. ಅದು ಒಳಗೆ ಬಂದು ತಣ್ಣಗಿನ ನೆಲಕ್ಕೆ ತಾಗಿದ ಕೂಡಲೇ ಆವಿ ನೀರಾಗುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಚೊಂಬು ಹೊರಗಡೆ ಬೆವರುವುದೂ ಹೀಗೇ.

ಈಗ ಇದೇ ಲೆಕ್ಕವನ್ನು ಇಲ್ಲಿಗೆ ಹಾಕಿ. ಜುಲೈ ತಿಂಗಳ ಒಂದು ಸಾಮಾನ್ಯ ಮಧ್ಯಾಹ್ನ. ಹೊರಗೆ 32 ಡಿಗ್ರಿ, ತೇವಾಂಶ ಶೇಕಡಾ 60. ಕೇಳೋಕೆ ಅಂಥದ್ದೇನೂ ಜಾಸ್ತಿ ಅನಿಸುವುದಿಲ್ಲ. ಆದರೆ ಆ ಗಾಳಿ 23 ಡಿಗ್ರಿಗೆ ಇಳಿದರೆ ಸಾಕು, ತೇವಾಂಶ ಶೇಕಡಾ 100 ಮುಟ್ಟುತ್ತದೆ, ಅದಕ್ಕಿಂತ ತಣ್ಣಗಾದರೆ ಆವಿ ನೀರಾಗುತ್ತದೆ. ಅಂದು ನಮ್ಮ ಮನೆಯ ಕೆಳಗೆ ಮಣ್ಣು 21 ಡಿಗ್ರಿ ಇತ್ತು. ಮೇಲೆ ಎಸಿ ಓಡುತ್ತಿರುತ್ತದೆ, ಮನೆಯಡಿ ಹಾದುಹೋಗುವ ಅದರ ಗಾಳಿ ಕೊಳವೆಗಳು, ಅಂದರೆ ಡಕ್ಟ್‌ಗಳು, ಇನ್ನೂ ತಣ್ಣಗಿರುತ್ತವೆ. ಕಿಂಡಿಯಿಂದ ಒಳಗೆ ಬಂದ ಗಾಳಿ ಅಲ್ಲೆಲ್ಲ ನೀರು ಬಿಟ್ಟು ಹೋಗುತ್ತದೆ. ಒಣಗಿಸಲಿ ಅಂತ ಬಿಟ್ಟ ಕಿಂಡಿಯೇ ಬೇಸಿಗೆಯಲ್ಲಿ ಮನೆಯ ಕೆಳಗೆ ನೀರು ತರುತ್ತದೆ!

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಇಲ್ಲೇ ಪೂರ್ವಕ್ಕೆ, ಟಾರ್ ನದಿಯ ದಡದಲ್ಲಿ ಪ್ರಿನ್ಸ್‌ವಿಲ್ ಅಂತ ಒಂದು ಪುಟ್ಟ ಊರಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು ತಾವೇ ಕಟ್ಟಿಕೊಂಡ ಊರು. 1885ರಲ್ಲೇ ಅದಕ್ಕೆ ಪಟ್ಟಣದ ಮಾನ್ಯತೆ ಸಿಕ್ಕಿತ್ತು. 1999ರ ಸೆಪ್ಟೆಂಬರ್‌ನಲ್ಲಿ ಫ್ಲಾಯ್ಡ್ ಚಂಡಮಾರುತ ಬಂದು ಊರಿಗೆ ಊರೇ ಮುಳುಗಿತು. ಜನ ಊರು ಬಿಡಲಿಲ್ಲ, ಮತ್ತೆ ಅಲ್ಲೇ ಮನೆ ಕಟ್ಟಿದರು. ಆ ಹೊಸ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ತರದ ಹನ್ನೆರಡನ್ನು ಆರಿಸಿಕೊಂಡು, ರಾಲಿಯ ಅಡ್ವಾನ್ಸ್‌ಡ್ ಎನರ್ಜಿ ಅನ್ನುವ ಸಂಸ್ಥೆ ಅಧ್ಯಯನ ಮಾಡಿತು. ಕೆಲವು ಮನೆಗಳಿಗೆ ಕಿಂಡಿ ಹಾಗೇ ಬಿಟ್ಟರು. ಉಳಿದವುಗಳಲ್ಲಿ ಕಿಂಡಿ ಮುಚ್ಚಿ, ಒಳಗಿನ ಗಾಳಿ ಒಣಗಿರುವ ಹಾಗೆ ಏರ್ಪಾಟು ಮಾಡಿದರು.

ಕಿಂಡಿ ಇದ್ದ ಮನೆಗಳಲ್ಲೂ ಮಣ್ಣಿಗೆ ಹಾಳೆ ಹಾಸಿತ್ತು. ಆದರೂ ಬೇಸಿಗೆಯಲ್ಲಿ ಅಲ್ಲಿ ತೇವಾಂಶ ಶೇಕಡಾ 80 ದಾಟುತ್ತಿತ್ತು. ಮುಚ್ಚಿದ ಮನೆಗಳಲ್ಲಿ ಬಹುತೇಕ ಹೊತ್ತು 60ರ ಒಳಗೇ ಇತ್ತು. ಮುಚ್ಚಿದ ಮನೆಗಳಲ್ಲಿ ಎಸಿ, ಹೀಟರ್ ಖರ್ಚು ಕೂಡ ಶೇಕಡಾ 15ರಷ್ಟು ಇಳಿಯಿತು. ನೆರೆಯಲ್ಲಿ ಎಲ್ಲ ಕಳೆದುಕೊಂಡ ಜನರ ಮನೆಯಡಿ ತಿಳಿದುಕೊಂಡದ್ದು ಇವತ್ತು ಇಲ್ಲಿ ಎಷ್ಟೋ ಜನರ ಮನೆ ಕಾಯುತ್ತಿದೆ. ಆ ಊರನ್ನು ನೆನೆಸಿಕೊಂಡಾಗಲೆಲ್ಲ ನನಗೆ ಗೌರವ ಬರುತ್ತದೆ.

ಈಗ ಹಾಳೆಯ ದಪ್ಪಕ್ಕೆ ಬರೋಣ. ಇಲ್ಲಿ ನಮ್ಮವರು ಎಡವುವುದು ಜಾಸ್ತಿ. ಅಂಗಡಿಯಲ್ಲಿ 6 ಮಿಲ್ ಅಂತ ಬರೆದಿರುತ್ತದೆ. ಅದು ಮಿಲಿಮೀಟರ್ ಅಲ್ಲ! ಮಿಲ್ ಅಂದರೆ ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. 6 ಮಿಲ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 150 ಮೈಕ್ರಾನ್. ಭಾರತದಲ್ಲಿ ಪ್ಲಾಸ್ಟಿಕ್ ಚೀಲ ಕನಿಷ್ಠ 120 ಮೈಕ್ರಾನ್ ಇರಬೇಕು ಅಂತ ನಿಯಮ ಇದೆಯಲ್ಲ, ಅದಕ್ಕಿಂತ ಒಂಚೂರು ದಪ್ಪ ಅಷ್ಟೇ. ಆವಿ ತಡೆಯೋಕೆ ಅದು ಸಾಕು. ಆದರೆ ಅದರ ಮೇಲೆ ಪ್ಲಂಬರ್ ತೆವಳುತ್ತಾನೆ, ಮೊಣಕಾಲು ಊರುತ್ತಾನೆ, ಕೆಳಗೆ ಚೂಪು ಕಲ್ಲಿರುತ್ತದೆ. ಹರಿಯುತ್ತದೆ. ಅದಕ್ಕೇ ಕೆಲವರು 20 ಮಿಲ್ ಹಾಕಿಸುತ್ತಾರೆ. ಅದು ಸುಮಾರು 500 ಮೈಕ್ರಾನ್.

500 ಮೈಕ್ರಾನ್ ಅಂದ ಕೂಡಲೇ ಊರಲ್ಲಿ ತೋಟ, ಹೊಲ ಇರುವವರಿಗೆ ನೆನಪಾಗಬೇಕು. ಕೃಷಿ ಹೊಂಡಕ್ಕೆ ಹಾಸುವ ಹಾಳೆ! ಅಲ್ಲಿ ಮೇಲಿನ ನೀರು ಕೆಳಗೆ ಇಂಗಬಾರದು ಅಂತ ಹಾಸುತ್ತೇವೆ. ಇಲ್ಲಿ ಕೆಳಗಿನ ನೀರು ಮೇಲೆ ಬರಬಾರದು ಅಂತ. ಹಾಳೆಗೆ ಮೇಲೆ ಕೆಳಗೆ ಗೊತ್ತಿಲ್ಲ, ಎರಡು ಕಡೆಯಿಂದಲೂ ತಡೆಯುತ್ತದೆ. ಇದನ್ನು ನಾವು ಕಷ್ಟಪಟ್ಟು ಕಲಿತೆವು. ಹಾಳೆ ಹಾಕಿಸಿದ ಮೊದಲ ಚಳಿಗಾಲದಲ್ಲಿ ಪಾತ್ರೆ ತೊಳೆಯುವ ಸಿಂಕಿನ ಪೈಪು ಕೆಳಗೆ ತೊಟ್ಟಿಕ್ಕುತ್ತಿತ್ತು. ನಮಗೆ ಗೊತ್ತೇ ಆಗಲಿಲ್ಲ. ಮೂರು ವಾರ ಬಿಟ್ಟು ಇಳಿದು ನೋಡಿದರೆ ಹಾಳೆಯ ಮೇಲೆ ನಾಲ್ಕು ಬೆರಳು ನೀರು. ಮನೆಯ ಕೆಳಗೇ ಕೃಷಿ ಹೊಂಡ! ಹಾಗಾಗಿ ತಗ್ಗಿನ ಮೂಲೆಯಲ್ಲಿ ನೀರು ತಾಗಿದರೆ ಕೂಗುವ ಒಂದು ಸಣ್ಣ ಅಲಾರಂ ಇಡಿ.

[ದೃಶ್ಯ: ಎರಡು ಹಾಳೆ ಸೇರುವ ಜಾಗ, ಅದರ ಮೇಲೆ ಟೇಪು. ಆಮೇಲೆ ಗೋಡೆಯ ಅಂಚು.]

ಹಾಸುವ ರೀತಿ ಬೇಗ ಹೇಳುತ್ತೇನೆ. ಒಂದು ಹಾಳೆಯ ಮೇಲೆ ಇನ್ನೊಂದು ಕನಿಷ್ಠ 6 ಇಂಚು ಬರಬೇಕು. ಅಲ್ಲಿ ಟೇಪು. ಕಿಂಡಿ ಮುಚ್ಚುವುದಾದರೆ ಗೋಡೆಯ ಮೇಲೂ 6 ಇಂಚು ಹತ್ತಿಸಿ ಅಂಟಿಸಬೇಕು. ನಮ್ಮಲ್ಲಿ ಮೊದಲು ಕೆಲಸ ಮಾಡಿದವರು ಜಂತೆ ಹೊತ್ತ ಕಂಬಗಳ ಸುತ್ತ ಒಂದೊಂದು ಗೇಣು ಮಣ್ಣು ಹಾಗೇ ಬಿಟ್ಟು ಹೋಗಿದ್ದರು. ಕಂಬದ ನೆತ್ತಿಯ ಮರ ಮಾತ್ರ ಕಪ್ಪಾಗಿತ್ತು. ಯಾಕೆ ಅಲ್ಲಿ ಮಾತ್ರ ಅಂತ ಹುಡುಕಿದಾಗ ಈ ಸಂದು ಸಿಕ್ಕಿತು. ದುಡ್ಡು ಕೊಡುವ ಮೊದಲು ನೀವೇ ಟಾರ್ಚ್ ಹಿಡಿದು ಕೆಳಗೆ ಇಳಿಯಿರಿ. ಫೋಟೋ ನೋಡಿ ಒಪ್ಪಿಕೊಳ್ಳಬೇಡಿ.

ವಿಡಿಯೋ ಉದ್ದ ಆಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಹಾಳೆಗಿಂತ ಮೊದಲು ಮಳೆನೀರು ನೋಡಿಕೊಳ್ಳಿ. ಸೂರಿನ ದೋಣಿಯ ನೀರು ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ಎಂಥ ಹಾಳೆಯೂ ಉಪಯೋಗವಿಲ್ಲ. ಗೋಡೆಯಿಂದ ಹತ್ತು ಅಡಿ ದೂರಕ್ಕೆ ನೆಲ 6 ಇಂಚು ಇಳಿಜಾರಿರಬೇಕು. ಗೋಡೆಯ ತುಂಬಾ ಹಾಳೆ ಹತ್ತಿಸಿದರೂ ನೆತ್ತಿಯಲ್ಲಿ ಮೂರು ಇಂಚು ಖಾಲಿ ಬಿಡಿಸಿ, ಗೆದ್ದಲು ಹತ್ತಿದರೆ ಕಾಣಬೇಕು. ಹಾಳೆ ಹಾಕಿ ಕಿಂಡಿ ಮುಚ್ಚಿದ ಮೇಲೆ ಗಾಳಿ ಒಣಗಿಸೋಕೆ ಡಿಹ್ಯುಮಿಡಿಫೈಯರ್‌ನಂಥ ಒಂದು ಏರ್ಪಾಟು ಬೇಕು. ಸುಮ್ನೆ ಮುಚ್ಚಿ ಬಿಟ್ಟರೆ ಆಗುವುದಿಲ್ಲ.

ಇದೊಂದನ್ನು ಮಾತ್ರ ದಯವಿಟ್ಟು ಗಮನವಿಟ್ಟು ಕೇಳಿ. ಕ್ರಾಲ್ ಸ್ಪೇಸ್‌ನಲ್ಲಿ ಗ್ಯಾಸ್ ಹೀಟರ್ ಇದ್ದು, ಅದು ಉರಿಯೋಕೆ ಅಲ್ಲಿನ ಗಾಳಿಯನ್ನೇ ಎಳೆದುಕೊಳ್ಳುವಂಥದ್ದಾದರೆ, ಕಿಂಡಿ ಮುಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರಬಹುದು. ಅದಕ್ಕೆ ವಾಸನೆ ಇಲ್ಲ, ಜೀವ ಹೋಗುತ್ತದೆ. ಮೊದಲು ಹೀಟರ್ ಬದಲಾಯಿಸಿ, ಆಮೇಲೆ ಕಿಂಡಿ. ಅಲ್ಲಿವರೆಗೆ ಹಾಳೆ ಮಾತ್ರ ಹಾಸಬಹುದು, ಅದರಿಂದ ತೊಂದರೆ ಇಲ್ಲ.

[ದೃಶ್ಯ: ಅದೇ ಜಂತೆ, ಈಗ ಸ್ವಚ್ಛವಾಗಿದೆ. ಪಕ್ಕದಲ್ಲಿ ನೇತುಹಾಕಿದ ಸಣ್ಣ ಹೈಗ್ರೋಮೀಟರ್.]

ಇದು ಮೊದಲು ತೋರಿಸಿದ ಅದೇ ಜಂತೆ. ಇವತ್ತು ಆಗಸ್ಟ್ ತಿಂಗಳು, ಹೊರಗೆ ಈಗಷ್ಟೇ ಮಳೆ ಬಂದು ನಿಂತಿದೆ. ಹೊರಗಿನ ಮೀಟರ್‌ನಲ್ಲಿ ತೇವಾಂಶ 84. ಇಲ್ಲಿ 54. ಈ ಮೀಟರ್‌ಗೆ ಹತ್ತು ಡಾಲರ್. ಬೇರೆ ಯಾವ ಕೆಲಸಕ್ಕೂ ಮೊದಲು ಇದನ್ನೊಂದು ತಗೊಂಡು ನಿಮ್ಮ ಮನೆಯ ಕೆಳಗೆ ಒಂದು ವಾರ ನೇತುಹಾಕಿ. ಎಷ್ಟು ಬಂತು ಅಂತ ನನಗೆ ಬರೆಯಿರಿ.