ಎರಡು ವರ್ಷ ಆದ ಮೇಲೆ ಎಷ್ಟು?

ರಾಯಚೂರು ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಬೆಳಗಿನ ಹೊತ್ತು. ಎಷ್ಟೋ ಮನೆಗಳಲ್ಲಿ ಈಗ ರೊಟ್ಟಿ ಬಡಿಯುತ್ತಿರುತ್ತೀರಿ. ಕೈಯೆಲ್ಲಾ ಹಿಟ್ಟು, ರೇಡಿಯೋ ಬಂದ್ ಮಾಡುವುದಕ್ಕೆ ಆಗುವುದಿಲ್ಲ. ಅದೊಂದೇ ನನ್ನ ಧೈರ್ಯ.

ನನಗೆ ಕೊಟ್ಟ ವಿಷಯ ‘ಅತಿ ಕಡಿಮೆ ಕ್ಯಾಲರಿ ಆಹಾರ ಕ್ರಮದ ದೀರ್ಘಕಾಲದ ಪರಿಣಾಮಗಳು’. ಹೆಸರು ಕೇಳಿದರೇ ಹೊಟ್ಟೆ ತುಂಬುತ್ತದೆ. ನಮ್ಮ ಮಾತಲ್ಲಿ ಹೇಳುವುದಾದರೆ, ದಿನಕ್ಕೆ 800 ಕ್ಯಾಲರಿ ಇಲ್ಲವೇ ಅದಕ್ಕಿಂತ ಕಮ್ಮಿ ತಿಂದು ಬೇಗ ತೂಕ ಇಳಿಸುವುದು. 800 ಅಂದರೆ ಎಷ್ಟು? ಮೂರು ಜೋಳದ ರೊಟ್ಟಿ, ಒಂದು ಬಟ್ಟಲು ಬೇಳೆ, ಸ್ವಲ್ಪ ಪುಂಡಿ ಪಲ್ಯ, ಸಕ್ಕರೆ ಹಾಕಿದ ಎರಡು ಕಪ್ ಚಹಾ. ಅಲ್ಲಿಗೆ ಇಡೀ ದಿನದ ಲೆಕ್ಕ ಚುಕ್ತಾ. ಹೊಲದಲ್ಲಿ ದುಡಿಯುವ ಹೆಂಗಸಿಗೆ ದಿನಕ್ಕೆ 2,000ಕ್ಕೂ ಮೇಲೆ ಬೇಕು. ಅರ್ಧಕ್ಕಿಂತ ಕಮ್ಮಿಯಲ್ಲಿ ದಿನ ದೂಡಬೇಕು ಅಂದಂತಾಯಿತು.

ಇಳಿಯುತ್ತದೆಯೇ? ಇಳಿಯುತ್ತದೆ, ಯಾಕೆ ಸುಳ್ಳು ಹೇಳಲಿ. ತಿನ್ನದಿದ್ದರೆ ಯಾರಾದರೂ ಇಳಿಯುತ್ತಾರೆ. ‘ಒಂದು ತಿಂಗಳಲ್ಲಿ ಹತ್ತು ಕಿಲೋ’ ಅಂತ ಗೋಡೆಗೆ ಚೀಟಿ ಅಂಟಿಸುತ್ತಾರಲ್ಲ, ಆ ಹತ್ತು ಕಿಲೋ ನಿಜವೇ ಇರಬಹುದು. ಆದರೆ ಚೀಟಿ ಅಂಟಿಸಿದವರನ್ನು ನೀವು ಒಂದೇ ಒಂದು ಪ್ರಶ್ನೆ ಕೇಳಿ: ಎರಡು ವರ್ಷ ಆದ ಮೇಲೆ ಎಷ್ಟು? ಇವತ್ತು ಬೇರೆಲ್ಲಾ ಮರೆತರೂ ಪರವಾಗಿಲ್ಲ, ಈ ಪ್ರಶ್ನೆ ನೆನಪಿರಲಿ.

ನಮ್ಮ ಸೋದರಮಾವನ ಕಥೆ ಹೇಳಬೇಕು. ಅವರು ಒಪ್ಪಿದ್ದಾರೆ. ಹೆಸರು ಹೇಳಬೇಡ, ಉಳಿದಿದ್ದೆಲ್ಲಾ ಹೇಳು ಅಂದರು.

ಮಾವನದು ಇಲ್ಲಿ ಗಂಜಿನಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ಹತ್ತಿ ದಲಾಲಿ ಅಂಗಡಿ. ಜೀವನವೆಲ್ಲಾ ತೂಕದ ಜೊತೆಗೇ ಕಳೆದವರು. ಚೀಲ ನೋಡಿಯೇ ಕಿಲೋ ಹೇಳುತ್ತಾರೆ. ಆ ವರ್ಷ ಹತ್ತಿ ಸೀಜನ್ ಮುಗಿದಿತ್ತು, ಆಷಾಢ ಬರುವ ಮುಂಚೆ ಮಗಳ ಮದುವೆ ಇತ್ತು. ಮದುವೆ ಫೋಟೋದಲ್ಲಿ ಬೀಗರ ಪಕ್ಕ ತೆಳ್ಳಗೆ ಕಾಣಬೇಕು ಅನ್ನುವ ಹುಚ್ಚು ಹತ್ತಿತು. ಯಾರೋ ಪರಿಚಯದವರು ಡಬ್ಬಿ ಪುಡಿ ತಂದುಕೊಟ್ಟರು. ನೀರಿಗೆ ಕಲಸಿ ದಿನಕ್ಕೆ ಮೂರು ಲೋಟ ಕುಡಿಯಬೇಕು, ಹಸಿವಾದರೆ ಸೌತೆಕಾಯಿ. ಎಲ್ಲಾ ಸೇರಿ 600 ಕ್ಯಾಲರಿ. ಯುಗಾದಿ ಮರುದಿನ ಶುರು ಮಾಡಿದರು. ಅವತ್ತು ಅವರ ತೂಕ 98. ನನಗೆ ಹೇಗೆ ಗೊತ್ತು ಅಂದರೆ, ಅವರು ದಿನಾ ಬೆಳಿಗ್ಗೆ ಅಂಗಡಿಯ ಕಾಟಾದ ಮೇಲೆ ತಾವೇ ನಿಂತು, ಗುಮಾಸ್ತನ ಕೈಯಲ್ಲಿ ಕಿರ್ದಿ ಪುಸ್ತಕದಲ್ಲಿ ಬರೆಸುತ್ತಿದ್ದರು. ಮೇಲೆ ಹತ್ತಿ ಚೀಲದ ತೂಕ, ಕೆಳಗೆ ಮಾಲೀಕರ ತೂಕ. ಆ ಪುಸ್ತಕ ನಾನು ನೋಡಿದ್ದೇನೆ.

ಮೊದಲ ವಾರವೇ ನಾಲ್ಕು ಕಿಲೋ ಹೋಯಿತು. ಮಾವ ನನಗೆ ಫೋನ್ ಮಾಡಿದರು. “ಏನವ್ವ ಡಾಕ್ಟರಮ್ಮ, ನಿನ್ನ ಮಾತು ಕೇಳಿ ಹತ್ತು ವರ್ಷದಾಗ ಒಂದು ಕಿಲೋ ಇಳಿದಿದ್ದಿಲ್ಲ. ಈಗ ನೋಡು!” ನಾನು ಹೇಳಿದೆ, ಮಾವ, ಅದರಲ್ಲಿ ಅರ್ಧಕ್ಕರ್ಧ ನೀರು. ಮೈಯಲ್ಲಿ ಸುಮಾರು ಅರ್ಧ ಕಿಲೋ ಸಕ್ಕರೆ ಅಂಶ ದಾಸ್ತಾನು ಇರುತ್ತದೆ. ಅದು ತನ್ನ ಮೂರರಷ್ಟು ನೀರು ಹಿಡಿದುಕೊಂಡಿರುತ್ತದೆ. ಊಟ ಬಿಟ್ಟರೆ ಮೊದಲು ಖಾಲಿ ಆಗುವುದು ಅದೇ. ಊಟ ಶುರು ಮಾಡಿದ ವಾರವೇ ವಾಪಸ್ ಬರುವುದೂ ಅದೇ. ಮಾವ ಫೋನ್ ಇಟ್ಟರು. ಅವರಿಗೆ ಬೇಕಾಗಿದ್ದು ಶಾಬಾಸ್‌ಗಿರಿ, ಪಾಠ ಅಲ್ಲ.

ಕಾರಹುಣ್ಣಿಮೆ ಹೊತ್ತಿಗೆ 80 ಕಿಲೋ. ಎರಡೂವರೆ ತಿಂಗಳಲ್ಲಿ 18 ಕಿಲೋ! ಗಂಜಿನಲ್ಲೆಲ್ಲಾ ಅದೇ ಮಾತು. ಆದರೆ ನಡುವೆ ಒಂದು ದಿನ ಏನಾಯಿತು ಅನ್ನುವುದನ್ನು ಯಾರೂ ಹೇಳುತ್ತಿರಲಿಲ್ಲ. ಮೇ ತಿಂಗಳು, ರಾಯಚೂರಿನ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಮಧ್ಯಾಹ್ನ ಲಾರಿಯವನ ಜೊತೆ ಮಾತಾಡುತ್ತಾ ನಿಂತವರು ಹಾಗೇ ಕುಸಿದರು. ಹಮಾಲರು ಎತ್ತಿಕೊಂಡು ಹತ್ತಿಯ ಮೇಲೆ ಮಲಗಿಸಿದರು. ಮೈಯೆಲ್ಲಾ ತಣ್ಣನೆ ಬೆವರು. ಆಸ್ಪತ್ರೆಯಲ್ಲಿ ನೋಡಿದರೆ ಶುಗರ್ 48ಕ್ಕೆ ಇಳಿದಿತ್ತು. ಯಾಕೆ ಅಂದರೆ ಊಟ ಕಾಲು ಭಾಗಕ್ಕೆ ಇಳಿಸಿದ್ದರು, ಶುಗರ್ ಮಾತ್ರೆ ಮಾತ್ರ ಮೊದಲಿನಷ್ಟೇ ನುಂಗುತ್ತಿದ್ದರು. ಬಿಪಿ ಮಾತ್ರೆಯೂ ಅಷ್ಟೇ. ಪುಡಿ ಕೊಟ್ಟವರು ಮಾತ್ರೆ ವಿಷಯ ಕೇಳಿರಲೇ ಇಲ್ಲ. ಮಾವ ನನಗೆ ಹೇಳಲೂ ಇಲ್ಲ. ನನಗೆ ಗೊತ್ತಾಗಿದ್ದು ಅತ್ತೆಯಿಂದ, ಅದೂ ಮದುವೆ ಆದ ಮೇಲೆ.

ಮದುವೆ ಚೆನ್ನಾಗಿ ಆಯಿತು. ಫೋಟೋದಲ್ಲಿ ಮಾವ ತೆಳ್ಳಗೇ ಇದ್ದಾರೆ. ಅಂಗಿಯೊಳಗೆ ಕುತ್ತಿಗೆ ಒಣಗಿದ ಹೀರೆಕಾಯಿ ಹಾಗೆ ಕಾಣುತ್ತದೆ, ಆದರೆ ತೆಳ್ಳಗಿದ್ದಾರೆ. ಅವತ್ತು ವ್ರತ ಮುರಿದರು. ಹೋಳಿಗೆ, ತುಪ್ಪ, ಮಿರ್ಚಿ ಭಜಿ. ರಾತ್ರಿ ಒಂದು ಗಂಟೆಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಿತು. ನಾನು ಅದೇ ಛತ್ರದಲ್ಲಿ ಮಲಗಿದ್ದೆ. ಹೊಟ್ಟೆ ಮುಟ್ಟಿದರೆ ಉಸಿರು ಬಿಗಿ ಹಿಡಿಯುತ್ತಿದ್ದರು. ಮರುದಿನ ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದ ತುಂಬಾ ಕಲ್ಲು. ಪಿತ್ತಕೋಶ ಅಂದರೆ ಒಂದು ಸಣ್ಣ ಚೀಲ. ಜಿಡ್ಡಿನ ಊಟ ಬಂದಾಗ ಹಿಂಡಿಕೊಂಡು ಪಿತ್ತರಸ ಬಿಡುವುದು ಅದರ ಕೆಲಸ. ತಿಂಗಳುಗಟ್ಟಲೆ ಜಿಡ್ಡೇ ಬರದಿದ್ದರೆ ಅದು ಹಿಂಡಿಕೊಳ್ಳುವುದೇ ಇಲ್ಲ, ರಸ ನಿಂತಲ್ಲೇ ನಿಂತು ಗಟ್ಟಿಯಾಗುತ್ತದೆ. ಅದರ ಮೇಲೆ, ಕರಗುತ್ತಿರುವ ಕೊಬ್ಬಿನಿಂದ ಕೊಲೆಸ್ಟರಾಲ್ ಬಂದು ಅದೇ ರಸಕ್ಕೆ ಸೇರುತ್ತದೆ. ಬೇಗ ತೂಕ ಇಳಿಸುವವರಲ್ಲಿ ಇದು ಅಪರೂಪದ ಕಾಯಿಲೆ ಅಲ್ಲ, ಮಾಮೂಲಿ. ಬೀಗರು ಮನೆಗೆ ಬಂದ ದಿನ ಮಾವ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು.

ಇಷ್ಟಾದರೂ 80 ಕಿಲೋ ಉಳಿಯಿತಲ್ಲ ಅಂತೀರಾ? ಕಿರ್ದಿ ಪುಸ್ತಕ ತಿರುಗಿಸಿ ನೋಡೋಣ. ದೀಪಾವಳಿಗೆ 90. ಮುಂದಿನ ಯುಗಾದಿಗೆ 96. ಅದರ ಮುಂದಿನ ಯುಗಾದಿಗೆ 101. ಆಮೇಲೆ ಗುಮಾಸ್ತನಿಗೆ ಬರೆಯಬೇಡ ಅಂದರಂತೆ.

“ಅಷ್ಟೊಂದು ತಿನ್ನಂಗಿಲ್ಲಬೇ ನಾನು, ಆದ್ರೂ ಹೆಂಗ ಏರ್ತದ?” ಅಂತ ಮಾವ ಕೇಳಿದರು. ಸುಳ್ಳು ಹೇಳುತ್ತಿರಲಿಲ್ಲ ಅವರು. ನಿಜವಾಗಿಯೂ ಮೊದಲಿನಷ್ಟು ತಿನ್ನುತ್ತಿರಲಿಲ್ಲ.

ಇದನ್ನು ನಾನು ತುಂಗಭದ್ರಾ ಲೆಕ್ಕದಲ್ಲಿ ಹೇಳುತ್ತೇನೆ, ಎಡದಂಡೆ ಕಾಲುವೆಯವರಿಗೆ ತಟ್ಟನೆ ಅರ್ಥ ಆಗುತ್ತದೆ. ಮಳೆ ಕೈಕೊಟ್ಟು ಡ್ಯಾಮಿಗೆ ಒಳಹರಿವು ನಿಂತರೆ ಏನು ಮಾಡುತ್ತಾರೆ? ನೀರಾವರಿ ಸಲಹಾ ಸಮಿತಿ ಸಭೆ ಕರೆಯುತ್ತಾರೆ. ಎರಡನೇ ಬೆಳೆಗೆ ನೀರಿಲ್ಲ, ಕುಡಿಯುವುದಕ್ಕೆ ಮಾತ್ರ ಅನ್ನುತ್ತಾರೆ. ಗೇಟು ಇಳಿಸುತ್ತಾರೆ. ಮೊದಲು ಒಣಗುವುದು ಯಾರು? ಕಾಲುವೆಯ ಕೊನೇ ಭಾಗದ ರೈತರು. ನಿಮ್ಮ ಮೈಯೂ ಹಾಗೇ ಸಭೆ ಕರೆಯುತ್ತದೆ. ಅನ್ನ ಬರುತ್ತಿಲ್ಲ, ಬರಗಾಲ ಬಂದಿದೆ ಅನ್ನುತ್ತದೆ. ಹೃದಯಕ್ಕೆ, ಮಿದುಳಿಗೆ ಬಿಟ್ಟು ಉಳಿದ ಕಡೆ ಗೇಟು ಇಳಿಸುತ್ತದೆ. ಕೊನೇ ಭಾಗದ ರೈತ ಯಾರು ಅಂದರೆ ನಿಮ್ಮ ತಲೆಗೂದಲು. ಡಯಟ್ ಶುರುವಾಗಿ ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬಾ ಬರುತ್ತದೆ. ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪುತ್ತದೆ. ಕೈಕಾಲು ತಣ್ಣಗೆ, ಏಳುವುದಕ್ಕೆ ಬೇಸರ. ಸೋಮಾರಿತನ ಅಲ್ಲ ಅದು, ಗೇಟು ಇಳಿದಿದೆ.

ಇದು ನನ್ನ ಕಲ್ಪನೆ ಅಲ್ಲ. 1944-45ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಗಟ್ಟಿಮುಟ್ಟಾದ ಹುಡುಗರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಎಲ್ಲರೂ ತಾವಾಗೇ ಒಪ್ಪಿ ಬಂದವರು. ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1,600 ಕ್ಯಾಲರಿ. ನಮ್ಮ ಮಾವ ತಿಂದದ್ದಕ್ಕಿಂತ ಎಷ್ಟೋ ಜಾಸ್ತಿ! ಅಷ್ಟಕ್ಕೇ ಅವರ ಮೈ ಸುಮ್ಮನೆ ಕೂತಾಗ ಉರಿಸುವ ಶಕ್ತಿ ಸುಮಾರು 40 ಪರ್ಸೆಂಟ್ ಇಳಿಯಿತು. ಹುಡುಗರು ತಟ್ಟೆ ನೆಕ್ಕುತ್ತಿದ್ದರು, ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ಕನಸಲ್ಲೂ ಊಟ. ಪ್ರಯೋಗ ಮುಗಿದು ಬೇಕಾದಷ್ಟು ಕೊಟ್ಟಾಗ, ಹೊಟ್ಟೆ ತುಂಬಿದರೂ ಹಸಿವು ತೀರಲಿಲ್ಲ. ಮೈಯಲ್ಲಿ ಕೊಬ್ಬು ಮೊದಲಿಗಿಂತ ಹೆಚ್ಚಾಯಿತು.

ಇನ್ನೊಂದು 2016ರಲ್ಲಿ ಬಂದ ಲೆಕ್ಕ. ಅಮೆರಿಕದ ಟಿವಿಯಲ್ಲಿ ತೂಕ ಇಳಿಸುವ ಸ್ಪರ್ಧೆ ಬರುತ್ತಿತ್ತು. ಊಟ ಕಡಿತ, ಜೊತೆಗೆ ಮೈ ಮುರಿಯುವಷ್ಟು ಕಸರತ್ತು. ಅದರಲ್ಲಿ ಗೆದ್ದವರು, ಸೋತವರು ಸೇರಿ 14 ಜನರನ್ನು ಆರು ವರ್ಷ ಬಿಟ್ಟು ಪರೀಕ್ಷೆ ಮಾಡಿದರು. ಸರಾಸರಿ 58 ಕಿಲೋ ಇಳಿದಿದ್ದವರು 41 ಕಿಲೋ ವಾಪಸ್ ಏರಿದ್ದರು. ಅವರ ಗಾತ್ರದ ಮೈ ಉರಿಸಬೇಕಾದದ್ದಕ್ಕಿಂತ ಇನ್ನೂ ದಿನಕ್ಕೆ 500 ಕ್ಯಾಲರಿ ಕಮ್ಮಿ ಉರಿಸುತ್ತಿತ್ತು. ಆರು ವರ್ಷ ಆದರೂ ಗೇಟು ಪೂರ್ತಿ ಎತ್ತಿರಲಿಲ್ಲ! 500 ಅಂದರೆ ಮೂರು ರೊಟ್ಟಿ. ಪಕ್ಕದ ಮನೆಯವರು ತಿಂದು ಅರಗಿಸಿಕೊಳ್ಳುವ ಮೂರು ರೊಟ್ಟಿ ಇವರ ಸೊಂಟಕ್ಕೆ ಕೂರುತ್ತದೆ. ಮಾವ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಇನ್ನು ಹಸಿವಿನ ಹಾರ್ಮೋನು. ಆಸ್ಟ್ರೇಲಿಯಾದಲ್ಲಿ ಹತ್ತು ವಾರ ಇಂಥದೇ ಡಯಟ್ ಮಾಡಿಸಿ ನೋಡಿದರೆ, ಒಂದು ವರ್ಷ ಆದರೂ ಹಸಿವು ಏರಿದ್ದು ಏರಿದ ಹಾಗೇ ಇತ್ತು. ಉರಿಸುವುದು ಕಮ್ಮಿ, ಹಸಿವು ಜಾಸ್ತಿ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಹೋದದ್ದೂ ಬರೀ ಕೊಬ್ಬಲ್ಲ. ಇಳಿದ ನಾಲ್ಕು ಕಿಲೋದಲ್ಲಿ ಹೆಚ್ಚುಕಮ್ಮಿ ಒಂದು ಕಿಲೋ ಮಾಂಸಖಂಡ. ವಾಪಸ್ ಬರುವಾಗ ಬರುವುದು ಮಾತ್ರ ಬಹುಪಾಲು ಕೊಬ್ಬೇ. ಮಾವ ಮೊದಲು ಅಂಗಡಿ ಮೆಟ್ಟಿಲು ಸರಸರ ಹತ್ತುತ್ತಿದ್ದರು. ಈಗ ಗೋಡೆ ಹಿಡಿಯುತ್ತಾರೆ.

ಹತ್ತು ನಿಮಿಷದಲ್ಲಿ ಮಾವನೇ ಆರು ನಿಮಿಷ ತೆಗೆದುಕೊಂಡರು. ಕೈಯಲ್ಲಿ ಒಂದೇ ಹಾಳೆ ಉಳಿದಿದೆ. ಬೇಗ ಬೇಗ ಹೇಳುತ್ತೇನೆ.

ಪುಡಿ ಡಬ್ಬಿಯಿಂದ ಪ್ರಾಣ ಹೋಗುತ್ತದಾ ಅಂತ ಕೇಳುತ್ತಾರೆ. ಹೋಗಿದೆ. 1977ರ ಸುಮಾರಿಗೆ ಅಮೆರಿಕದಲ್ಲಿ ದ್ರವ ಪ್ರೋಟೀನ್ ಅಂತ ಒಂದು ಬಾಟಲಿ ಮನೆಮನೆಗೂ ಬಂತು. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಕಳಪೆ ಪ್ರೋಟೀನ್. ಅದನ್ನೇ ಕುಡಿದುಕೊಂಡಿದ್ದವರಲ್ಲಿ ಸುಮಾರು 60 ಜನ ಸತ್ತರು. ಎಷ್ಟೋ ಜನರ ಹೃದಯದ ಬಡಿತವೇ ಲಯ ತಪ್ಪಿತ್ತು.

ಹಾಗಾದರೆ ಈ ಡಯಟ್ ಯಾರಿಗೂ ಬೇಡವಾ? ನ್ಯಾಯವಾಗಿ ಒಂದು ಮಾತು ಹೇಳಬೇಕು. ಬ್ರಿಟನ್ನಿನಲ್ಲಿ ಶುಗರ್ ಇರುವವರಿಗೆ ಮೂರರಿಂದ ಐದು ತಿಂಗಳು 800ರ ಆಸುಪಾಸಿನ ಕ್ಯಾಲರಿ ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಬಂತು. ವರ್ಷ ಕಳೆದಾಗ ನೂರಕ್ಕೆ 46 ಜನರಿಗೆ ಮಾತ್ರೆ ಇಲ್ಲದೆಯೇ ಶುಗರ್ ಹತೋಟಿಗೆ ಬಂದಿತ್ತು. ಒಳ್ಳೆಯ ಸುದ್ದಿಯೇ. ಆದರೆ ಎರಡು ವರ್ಷ ಆದ ಮೇಲೆ ಎಷ್ಟು? 36. ಅದೂ ಹೇಗೆ? ಇನ್ಸುಲಿನ್ ತೆಗೆದುಕೊಳ್ಳುವವರನ್ನು ಸೇರಿಸಿಕೊಳ್ಳಲೇ ಇಲ್ಲ. ಶುಗರ್ ಮತ್ತು ಬಿಪಿ ಮಾತ್ರೆ ಮೊದಲ ದಿನವೇ ನಿಲ್ಲಿಸಿದರು. ನರ್ಸ್ ಇಲ್ಲವೇ ಆಹಾರ ತಜ್ಞರು ಬೆನ್ನಿಗೆ ಇದ್ದರು. ಊಟ ಮತ್ತೆ ಶುರು ಮಾಡಿಸಿದ್ದೂ ವಾರಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ. ಡಾಕ್ಟರ್ ಕಣ್ಣೆದುರಿಗೆ ಮಾಡುವುದಾದರೆ ಮಾತಾಡೋಣ ಬನ್ನಿ. ಫೋನಲ್ಲಿ ವಿಡಿಯೋ ನೋಡಿ, ಪಕ್ಕದ ಮನೆಯವರ ಡಬ್ಬಿ ತಂದು ಮಾಡುವುದಾದರೆ ಬೇಡ. ಬಸುರಿ, ಬಾಣಂತಿ, ಬೆಳೆಯುವ ಮಕ್ಕಳು ಇದರ ಹತ್ತಿರವೂ ಹೋಗಬಾರದು. ಕಿಡ್ನಿ, ಹೃದಯದ ತೊಂದರೆ ಇದ್ದವರೂ ಅಷ್ಟೇ.

ನೀವು ಮಾಡುವ ಸೋಮವಾರದ ಉಪವಾಸಕ್ಕೆ ನನ್ನ ತಕರಾರಿಲ್ಲ. ಅವತ್ತು ಸಾಬುದಾಣಿ ಖಿಚಡಿ, ಶೇಂಗಾ ಉಂಡೆ ತಿಂದು ಬೇರೆ ದಿನಕ್ಕಿಂತ ಜಾಸ್ತಿಯೇ ಸೇರಿಸುತ್ತೀರಿ, ಅದು ನನಗೂ ಗೊತ್ತು, ದೇವರಿಗೂ ಗೊತ್ತು.

ತೂಕ ಇಳಿಸಬೇಕಾದವರು ವಾರಕ್ಕೆ ಅರ್ಧ ಕಿಲೋ ಇಳಿಸಿ, ಸಾಕು. ನಾಲ್ಕು ರೊಟ್ಟಿ ತಿನ್ನುವವರು ಮೂರು ತಿನ್ನಿ. ಹೆಸರುಕಾಳು, ಮಡಿಕೆಕಾಳು, ಬೇಳೆ ಕಮ್ಮಿ ಮಾಡಬೇಡಿ, ಮಾಂಸಖಂಡ ಉಳಿಸುವುದು ಅವೇ. ಕಮ್ಮಿ ಮಾಡಬೇಕಾದ್ದು ಸಂಜೆಯ ಮಂಡಕ್ಕಿ ಒಗ್ಗರಣೆ ಜೊತೆ ಬರುವ ಮಿರ್ಚಿ, ಆರು ಸಲದ ಚಹಾದ ಸಕ್ಕರೆ, ರೊಟ್ಟಿ ತಿಂದ ಮೇಲೂ ಹಾಕಿಕೊಳ್ಳುವ ಆ ಗುಡ್ಡೆ ಅನ್ನ. ಊಟ ಆದ ಮೇಲೆ ಬಿಸಿಲು ಇಳಿದಿದ್ದರೆ ಅರ್ಧ ತಾಸು ನಡೆಯಿರಿ. ಇದನ್ನು ಹೇಳಿದರೆ “ಇಷ್ಟೇನಾ ಡಾಕ್ಟ್ರೇ?” ಅಂತೀರಿ. ಇಷ್ಟೇ. ಇದಕ್ಕೆ ಡಬ್ಬಿ ಇಲ್ಲ, ಬೋರ್ಡ್ ಇಲ್ಲ, ಅದಕ್ಕೇ ಯಾರೂ ಮಾರುವುದಿಲ್ಲ.

ಮಾವ ಹೋದ ವರ್ಷದಿಂದ ಹೀಗೆ ಮಾಡುತ್ತಿದ್ದಾರೆ. 101 ಇದ್ದದ್ದು ಈಗ 94. ಎಂಥಾ ನಿಧಾನ ಅಂತ ದಿನಾ ಗೊಣಗುತ್ತಾರೆ. ಗುಮಾಸ್ತ ಮಾತ್ರ ಮತ್ತೆ ಬರೆಯುತ್ತಿದ್ದಾನೆ. ಈಗ ಅಂಗಡಿಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತಿರುತ್ತಾರೆ, ಮಿರ್ಚಿ ವಿಷಯ ಯಾಕೆ ಹೇಳಿದೆ ಅಂತ ಬೈಯುವುದಕ್ಕೆ ಇನ್ನೇನು ಫೋನ್ ಬರುತ್ತದೆ. ನಮಸ್ಕಾರ.